ಮೊದಲ ದಿನ ಮೂರೇ ತಂತಿ

‘ಅಣ್ಣಾ, ಮೊದಲ ಯಾವ ಹಾಡು ಕಲಿಸ್ತಿ?’

ಗಿಟಾರ್ ಹಿಡಿದು ಬಂದವರು ಕೂರುವ ಮೊದಲೇ ಕೇಳುವ ಪ್ರಶ್ನೆ ಇದು. ಸೆಮಿಸ್ಟರ್ ರಜೆಯಲ್ಲಿ ಗಜೇಂದ್ರಗಡಕ್ಕೆ ಬಂದಾಗ ನಮ್ಮ ಓಣಿಯ ಮೂರ್ನಾಲ್ಕು ಹುಡುಗರಿಗೆ ಹೇಳಿಕೊಡುತ್ತೇನೆ. ಬಿಇ ಓದುವವನಿಗೆ ಪಾಕೆಟ್ ಮನಿ ಆಗುತ್ತದೆ ಅನ್ನುವುದು ನಿಜ. ಆದರೆ ಆ ಗಿಟಾರ್ ಮಗ್ಗದ ದುಡಿಮೆಯಲ್ಲಿ ಉಳಿಸಿ ಕೊಡಿಸಿದ್ದು. ಮೊದಲ ವಾರವೇ ಬೇಸರ ಬಂತೋ, ಕಪಾಟಿನ ಮೇಲೆ ಹೋಗಿ ಕೂರುತ್ತದೆ. ಮತ್ತೆ ಇಳಿಯುವುದು ದೀಪಾವಳಿಗೆ ಸುಣ್ಣ ಬಳಿಯುವಾಗ! ಹಾಗಾಗಿ ಮೊದಲ ಪಾಠಕ್ಕೆ ಏನು ಆರಿಸಬೇಕು ಅನ್ನುವುದು ನನಗೆ ಸಣ್ಣ ವಿಷಯವಲ್ಲ.

ಹುಡುಗರ ತಲೆಯಲ್ಲಿರುವುದು ಸಿನಿಮಾ ಹಾಡು, ಇಲ್ಲವೇ ಯೂಟ್ಯೂಬ್‌ನಲ್ಲಿ ನೋಡಿದ ಇಂಗ್ಲಿಷ್ ಹಾಡು. ಅಲ್ಲಿ ಎಷ್ಟೋ ಪಾಠಗಳು ಮೊದಲ ದಿನವೇ ನಾಲ್ಕು ಕಾರ್ಡ್ ಹಿಡಿಸುತ್ತವೆ. ಕಾರ್ಡ್ ಹಿಡಿಯುವುದು ಹೇಗೋ ಬರುತ್ತದೆ. ತಾಳ ತಪ್ಪದಂತೆ ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಕಷ್ಟ. ನಡುವೆ ಎಫ್ ಕಾರ್ಡ್ ಬಂದರಂತೂ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಬೇಕು. ‘ಬೆರಳು ಉರಿಯಾಕತ್ತಾವು ಅಣ್ಣಾ’ ಎಂಬ ದೂರು ಅಲ್ಲೇ ಶುರು.

ಹಾಗಾದರೆ ‘ಹ್ಯಾಪಿ ಬರ್ತ್‌ಡೇ’ ಸುಲಭವಲ್ಲವೇ? ಕೇಳಲು ಸುಲಭ, ನುಡಿಸಲು ಅಲ್ಲ. ಅದು ಮೂರರ ಎಣಿಕೆಯ ಹಾಡು, ಮೊದಲ ಪೆಟ್ಟಿಗೂ ಮುಂಚೆಯೇ ಶುರುವಾಗುತ್ತದೆ. ಮೂರನೇ ಸಾಲಿನಲ್ಲಿ ಸ್ವರ ಒಂದು ಸಪ್ತಕ ಮೇಲೆ ಹಾರುತ್ತದೆ. ಕೇಕ್ ಕತ್ತರಿಸುವಾಗ ಎಲ್ಲರೂ ಅಪಸ್ವರ ಹಾಡುವುದು ಅದಕ್ಕೇ ಇರಬೇಕು.

ನಾನು ಆರಿಸಿಕೊಂಡದ್ದು ಭೂಪ್ ರಾಗದ ಐದು ಸ್ವರ. ಸಾ ರಿ ಗ ಪ ಧ, ಅಷ್ಟೇ. ನಮ್ಮ ಕಡೆ ಹಾರ್ಮೋನಿಯಂ, ತಬಲಾ ಹೊಸತಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟೋ ಮಂದಿಗೆ ಸಂಗೀತ ಕಲಿಸಿದರು. ಪಕ್ಕದ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಹನ್ನೊಂದರ ವಯಸ್ಸಿನಲ್ಲೇ ಗುರುವನ್ನು ಹುಡುಕುತ್ತ ಮನೆ ಬಿಟ್ಟವರು. ಇಷ್ಟೆಲ್ಲ ಇರುವ ಊರಿನಲ್ಲಿ ಗಿಟಾರ್ ಪಾಠ ಮಾತ್ರ ಯಾರೋ ಪರದೇಶದವರ ಹಾಡಿನಿಂದ ಯಾಕೆ ಶುರುವಾಗಬೇಕು? ಭಜನೆಯಲ್ಲಿ ಕೇಳಿದ ಧಾಟಿಯಾದರೆ ಒಂದು ಸ್ವರ ತಪ್ಪಿದರೂ ಹುಡುಗನ ಕಿವಿಯೇ ಹೇಳುತ್ತದೆ, ನಾನು ಹೇಳಬೇಕಾಗಿಲ್ಲ.

ಗಿಟಾರ್‌ನಲ್ಲಿ ಇದು ಎಷ್ಟು ಹಗುರ ನೋಡಿ. ತೆಳ್ಳಗಿನ ತಂತಿಯೇ ಒಂದನೆಯದು. ಮೂರನೇ ತಂತಿಯನ್ನು ಒತ್ತದೆ ಮೀಟಿದರೆ ಸಾ, ಅದರ ಎರಡನೇ ಫ್ರೆಟ್ ರಿ. ಎರಡನೇ ತಂತಿ ಖಾಲಿ ಮೀಟಿದರೆ ಗ, ಅದರ ಮೂರನೇ ಫ್ರೆಟ್ ಪ. ಒಂದನೇ ತಂತಿ ಖಾಲಿ ಮೀಟಿದರೆ ಧ, ಅದರ ಮೂರನೇ ಫ್ರೆಟ್ ಮೇಲಿನ ಸಾ. ಆರು ಸ್ವರದಲ್ಲಿ ಮೂರಕ್ಕೆ ಬೆರಳೇ ಬೇಡ! ಖಾಲಿ ನಾಲ್ಕನೇ ತಂತಿ ಕೆಳಗಿನ ಪ. ನಾಲ್ಕು, ಮೂರು ಎಂದು ಮೀಟುತ್ತಿದ್ದರೆ ತಂಬೂರಿಯಂತೆ ಪ-ಸಾ ಶ್ರುತಿ. ಒಬ್ಬ ಮೀಟಿದರೆ ಇನ್ನೊಬ್ಬ ಹಾಡಬಹುದು.

ಅಗ್ಗದ ಗಿಟಾರ್‌ಗಳಲ್ಲಿ ತಂತಿ ಎತ್ತರದಲ್ಲಿದ್ದು ಬೆರಳಿಗೆ ಕಚ್ಚುತ್ತದೆ. ಮೊಬೈಲ್‌ನ ಟ್ಯೂನರ್ ಆ್ಯಪ್ ನೋಡಿ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿದರೆ ಬಿಗಿ ಕಡಿಮೆ. ಪಾಠ ಇಪ್ಪತ್ತು ನಿಮಿಷ ಸಾಕು.

ಕಾರ್ಡ್ ಇಲ್ಲದೆ ಹುಡುಗರು ಬಿಡುವುದಿಲ್ಲ, ಅದೂ ಸರಿಯೇ. ಕೊನೆಯ ಐದು ನಿಮಿಷ ಅದಕ್ಕೆ. ಮೇಲಿನ ಸಾ ಹಿಡಿದ ಬೆರಳು ಅಲ್ಲೇ ಇರಲಿ, ತೆಳ್ಳಗಿನ ಮೂರು ತಂತಿಗಳನ್ನು ಒಟ್ಟಿಗೆ ಮೀಟಿದರೆ ಜಿ ಮೇಜರ್. ಬೆರಳು ಎತ್ತಿ ಮೀಟಿದರೆ ಇ ಮೈನರ್. ಒಂದೇ ಬೆರಳಿಗೆ ಎರಡು ಕಾರ್ಡ್! ಇವೆರಡನ್ನು ಎಂಟು ಮಾತ್ರೆಯ ಕೆಹರವಾ ಎಣಿಕೆಗೆ ಹೊಂದಿಸಿ, ನಾಲ್ಕು ಪೆಟ್ಟು ಇದು, ನಾಲ್ಕು ಪೆಟ್ಟು ಅದು ಎಂದು ನುಡಿಸಿದರೆ ಮನೆಯವರು ಅಡುಗೆಮನೆಯಿಂದ ಬಂದು ನೋಡುತ್ತಾರೆ.

ಶಿಶುನಾಳ ಷರೀಫರ ಕೋಡಗ-ಕೋಳಿಯ ಪದ ಮುಂದಿನ ಹಂತ. ಷರೀಫರ ತತ್ವಪದಗಳನ್ನು ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದ್ದನ್ನು ತೋರಿಸಿದ ಮೇಲೆ ನಮ್ಮ ಹುಡುಗರಿಗೂ ಅದು ‘ಅಜ್ಜನ ಕಾಲದ್ದು’ ಅನ್ನಿಸುತ್ತಿಲ್ಲ. ಸಿನಿಮಾ ಹಾಡು ಎರಡನೇ ತಿಂಗಳಿಗೆ ಎಂದು ಹೇಳಿದ್ದೇನೆ. ಒಬ್ಬ ಈಗಲೇ ದಿನ ಎಣಿಸುತ್ತಿದ್ದಾನೆ.