ಅಲ್ಪ ವೆಚ್ಚದಲ್ಲಿ ಮನೆಯ ಡಿ.ಜೆ. ಸಲಕರಣೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆ ‘ಡಿ.ಜೆ.’ ಎಂದೊಡನೆ ಜನರ ಕಣ್ಣಿಗೆ ಕಟ್ಟುವುದು ಗಣೇಶನ ಮೆರವಣಿಗೆಯಲ್ಲಿ ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿಪೆಟ್ಟಿಗೆಗಳ ರಾಶಿ. ಎದೆ ನಡುಗುವಷ್ಟು ಸದ್ದು ಬಂದರೆ ಡಿ.ಜೆ. ಚೆನ್ನಾಗಿದೆ ಎಂದು ಹೇಳುವುದುಂಟು. ಈ ಮಾತಿನ ರೂಢಿಯಿಂದ ಒಂದು ತೊಂದರೆಯಾಗಿದೆ. ಹಾಡು ಕೂಡಿಸುವ ಕಲೆಯಲ್ಲಿ ಆಸೆಯಿರುವ ಹುಡುಗ, ದೊಡ್ಡ ಪೆಟ್ಟಿಗೆಗಳನ್ನು ಕೊಳ್ಳದೆ ಈ ವಿದ್ಯೆಗೆ ಕೈ ಹಾಕುವಂತಿಲ್ಲ ಎಂದು ತಿಳಿದು, ಒಂದೋ ಆಸೆಯನ್ನೇ ಬಿಡುತ್ತಾನೆ, ಇಲ್ಲವೇ ಮನೆಯವರ ಹೆಸರಿನಲ್ಲಿ ಕಂತಿನ ಸಾಲ ಎತ್ತುತ್ತಾನೆ. ಇವೆರಡೂ ಬೇಕಿಲ್ಲ. ಕಲಿಯುವುದಕ್ಕೆ ಬೇಕಾದ ಸಲಕರಣೆ ಒಂದು ಮೇಜಿನ ಮೂಲೆಯಲ್ಲಿ ಹಿಡಿಸುತ್ತದೆ. ಅದರ ಬಹುಭಾಗ ಅನೇಕರ ಮನೆಯಲ್ಲಿ ಈಗಾಗಲೇ ಇರುತ್ತದೆ.

ಮೊದಲು ಹೆಸರಿನ ಅರ್ಥವನ್ನು ನೋಡೋಣ. ‘ಡಿಸ್ಕ್ ಜಾಕಿ’ ಎಂಬುದು ಅಮೆರಿಕದ ರೇಡಿಯೋ ನಿಲಯಗಳಲ್ಲಿ ಹುಟ್ಟಿದ ಹೆಸರು. ಗ್ರಾಮಫೋನ್ ತಟ್ಟೆಗಳನ್ನು ಆರಿಸಿ, ಒಂದರ ಹಿಂದೆ ಒಂದನ್ನು ಸಂದಿಲ್ಲದೆ ಕೇಳಿಸುವವನಿಗೆ ಆ ಹೆಸರು ಸಂದಿತು. ಆ ಕಾಲದ ರೇಡಿಯೋ ನಿಲಯದಲ್ಲಿ ಎರಡು ತಿರುಗುತಟ್ಟೆಗಳು ಪಕ್ಕಪಕ್ಕದಲ್ಲಿ ಇರುತ್ತಿದ್ದವು. ಒಂದರ ಹಾಡು ಪ್ರಸಾರವಾಗುತ್ತಿರುವಾಗ ಇನ್ನೊಂದರ ಮುಳ್ಳನ್ನು ಮುಂದಿನ ಹಾಡಿನ ಆರಂಭಕ್ಕೆ ಸರಿಯಾಗಿ ಇಟ್ಟು ಕಾಯಬೇಕಾಗಿತ್ತು. ಆ ಸಿದ್ಧತೆಯ ಸದ್ದು ನಿರ್ವಾಹಕನ ಕಿವಿಗೆ ಮಾತ್ರ ಕೇಳಿಸುತ್ತಿತ್ತು, ಕೇಳುಗರಿಗಲ್ಲ. ಇಂದಿನ ಡಿ.ಜೆ. ಮೇಜಿನ ರಹಸ್ಯವೆಲ್ಲ ಇಷ್ಟೇ: ಎರಡು ಹಾಡುಗಳ ಮೂಲ, ಅವನ್ನು ಬೆರೆಸುವ ಒಂದು ಕೀಲಿ, ಮತ್ತು ಮುಂದಿನ ಹಾಡನ್ನು ಗುಟ್ಟಾಗಿ ಕೇಳುವ ಒಂದು ದಾರಿ. ೧೯೭೨ರಲ್ಲಿ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-೧೨೦೦ ಎಂಬ ತಿರುಗುತಟ್ಟೆ ಬಂದಿತು. ೧೯೭೩ರ ಆಗಸ್ಟ್ ೧೧ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ಬಾಡಿಗೆ ಮನೆಗಳ ಕಟ್ಟಡವೊಂದರ ಕೂಟದ ಕೋಣೆಯಲ್ಲಿ, ಕೂಲ್ ಹರ್ಕ್ ಎಂದು ಹೆಸರಾದ ತರುಣನು ನಡೆಸಿದ ಸಂತೋಷಕೂಟವನ್ನು ಹಿಪ್-ಹಾಪ್ ಸಂಗೀತದ ಹುಟ್ಟು ಎಂದು ಎಣಿಸುತ್ತಾರೆ. ಒಂದೇ ಹಾಡಿನ ಎರಡು ತಟ್ಟೆಗಳನ್ನು ಇಟ್ಟುಕೊಂಡು, ತಾಳವಾದ್ಯ ಮಾತ್ರ ನುಡಿಯುವ ಭಾಗವನ್ನು ಬೆಳೆಸುವುದು ಅವನ ಹೆಸರಿನೊಡನೆ ಸೇರಿದ ಉಪಾಯ.

ನಮ್ಮ ನಾಡಿಗೂ ಇಂಥ ಪರಂಪರೆ ಹೊಸದೇನಲ್ಲ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಸಣ್ಣದೊಂದು ಪ್ರೇಷಕಯಂತ್ರವನ್ನು ತಮ್ಮ ಮನೆಯಲ್ಲಿಯೇ ಇಟ್ಟು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ರೇಡಿಯೋವಿಗೆ ಅಂಟಿದ್ದು ಆ ಮನೆಯಿಂದಲೇ. ಸಲಕರಣೆ ಚಿಕ್ಕದು ಎಂಬ ಕಾರಣದಿಂದ ಕೆಲಸ ಚಿಕ್ಕದಾಗಬೇಕಿಲ್ಲ.

ಈಗ ಮನೆಯ ಮೇಜಿಗೆ ಬರೋಣ. ಎರಡು ತಿರುಗುತಟ್ಟೆಗಳ ಕೆಲಸವನ್ನು ಇಂದು ಒಂದು ಲ್ಯಾಪ್‌ಟಾಪ್ ಮಾಡಬಲ್ಲದು. ಮನೆಯಲ್ಲಿ ಮಕ್ಕಳ ಓದಿಗೆಂದು ತಂದ ಹಳೆಯದೊಂದು ಇದ್ದರೆ ಅದೇ ಸಾಕು. ಅದರಲ್ಲಿ ಹಾಕುವ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ‘ಮಿಕ್ಸ್’ ಎಂಬ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಇಂಗ್ಲಿಷಿನಲ್ಲಿ ಅದರ ಹೆಸರಿನ ಕೊನೆಗೆ ಎಕ್ಸ್ ಅಕ್ಷರ ಮೂರು ಸಲ ಬರುತ್ತದೆ. ಹುಡುಕುವವರು ಇದನ್ನು ಗಮನಿಸಬೇಕು. ಪರದೆಯ ಮೇಲೆ ಎರಡು ಹಾಡುಗಳು ಎಡಬಲಕ್ಕೆ ಕಾಣುತ್ತವೆ, ನಡುವೆ ಬೆರೆಸುವ ಕೀಲಿ ಇರುತ್ತದೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಂದ ಮುಂದೆ. ಲ್ಯಾಪ್‌ಟಾಪಿನಲ್ಲಿ ಸದ್ದು ಹೊರಬರುವ ರಂಧ್ರ ಒಂದೇ. ನಮಗೆ ಬೇಕಾದುದು ಎರಡು: ಕೋಣೆಗೆ ಕೇಳಿಸುವ ಹಾಡು ಒಂದು ದಾರಿಯಲ್ಲಿ, ನಮ್ಮ ಕಿವಿಗೆ ಮಾತ್ರ ಕೇಳಿಸುವ ಮುಂದಿನ ಹಾಡು ಇನ್ನೊಂದು ದಾರಿಯಲ್ಲಿ ಹೋಗಬೇಕು. ಈ ಎರಡನೆಯ ದಾರಿ ಇಲ್ಲದೆ ಹಾಡು ಕೂಡಿಸುವುದು ಕಣ್ಣು ಕಟ್ಟಿಕೊಂಡು ದಾರ ಪೋಣಿಸಿದಂತೆ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಯು.ಎಸ್.ಬಿ. ಸೌಂಡ್ ಕಾರ್ಡ್ ಎಂಬ ಹೆಬ್ಬೆರಳಿನಷ್ಟು ವಸ್ತು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಲ್ಯಾಪ್‌ಟಾಪಿನ ಸ್ವಂತ ರಂಧ್ರದಿಂದ ಧ್ವನಿಪೆಟ್ಟಿಗೆಗೆ ತಂತಿ ಎಳೆಯಿರಿ; ಸೌಂಡ್ ಕಾರ್ಡಿಗೆ ಹೆಡ್‌ಫೋನ್ ಸಿಕ್ಕಿಸಿ. ತಂತ್ರಾಂಶದ ಧ್ವನಿ ವ್ಯವಸ್ಥೆಯಲ್ಲಿ ಮುಖ್ಯ ಧ್ವನಿಗೆ ಮೊದಲನೆಯದನ್ನೂ ಹೆಡ್‌ಫೋನಿಗೆ ಎರಡನೆಯದನ್ನೂ ಆರಿಸಿದರೆ ಕೆಲಸ ಮುಗಿಯಿತು.

ಹೆಡ್‌ಫೋನನ್ನು ಮಾತ್ರ ನೋಡಿ ಕೊಳ್ಳಬೇಕು. ಕಿವಿಯನ್ನು ಪೂರಾ ಮುಚ್ಚುವ, ತಂತಿಯಿರುವ ಬಗೆ ಒಳ್ಳೆಯದು; ಒಂದರಿಂದ ಎರಡು ಸಾವಿರ ರೂಪಾಯಿಯೊಳಗೆ ಕಲಿಕೆಗೆ ಸಾಲುವಂಥದು ಸಿಗುತ್ತದೆ. ಬ್ಲೂಟೂತ್ ಹೆಡ್‌ಫೋನೂ ಬೇಡ, ಬ್ಲೂಟೂತ್ ಪೆಟ್ಟಿಗೆಯೂ ಬೇಡ. ಕಾರಣ ಸರಳವಾಗಿದೆ. ಗಾಳಿಯ ಮೂಲಕ ಹೋಗುವ ಆ ಸದ್ದು ಎಷ್ಟೋ ಸಲ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ನಿಮಿಷಕ್ಕೆ ೧೨೦ ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ಅಂತರವೇ ಅರ್ಧ ಸೆಕೆಂಡು. ಐದನೆಯ ಒಂದು ಭಾಗ ತಡವಾದರೆ ತಾಳ ಹೆಚ್ಚುಕಡಿಮೆ ಅರ್ಧ ದಾರಿಯವರೆಗೆ ಜಾರಿಹೋಗಿರುತ್ತದೆ. ಹಾಡು ಕೇಳುವವರಿಗೆ ಇದು ತಿಳಿಯದು. ಕೂಡಿಸುವವನಿಗೆ ಇದರಿಂದ ಕಲಿಕೆಯೇ ಕೆಟ್ಟುಹೋಗುತ್ತದೆ.

ಧ್ವನಿಪೆಟ್ಟಿಗೆಯ ವಿಷಯದಲ್ಲಿ ಮನೆಯಲ್ಲಿರುವ ಹಳೆಯ ಹೋಂ ಥಿಯೇಟರ್ ಅಥವಾ ಆಂಪ್ಲಿಫೈಯರ್ ಆದರೂ ನಡೆಯುತ್ತದೆ. ತಂತಿಯನ್ನು ‘ಆಕ್ಸ್’ ಎಂಬ ರಂಧ್ರಕ್ಕೆ ಹಾಕಬೇಕು. ಮೈಕಿನ ರಂಧ್ರವು ಬಹಳ ಸಣ್ಣ ಸಂಕೇತಕ್ಕೆಂದು ಮಾಡಿದ್ದು, ಅದಕ್ಕೆ ಹಾಕಿದರೆ ಸದ್ದು ಒಡೆಯುತ್ತದೆ. ‘ಫೋನೋ’ ಎಂದು ಬರೆದ ರಂಧ್ರ ಮುಳ್ಳಿನ ತಿರುಗುತಟ್ಟೆಗೆ ಮಾತ್ರ. ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಎಲ್ಲಕ್ಕಿಂತ ಮೊದಲು ಆರಿಸಿ. ಆಗ ‘ಢಬ್’ ಎಂಬ ಆಘಾತ ಪೆಟ್ಟಿಗೆಗೆ ತಗಲುವುದಿಲ್ಲ. ಗುಂಯ್ಗುಡುವ ಸದ್ದು ಬಂದರೆ ಎಲ್ಲ ಸಲಕರಣೆಗಳಿಗೂ ಒಂದೇ ಹಲಗೆಯಿಂದ ವಿದ್ಯುತ್ ಕೊಟ್ಟು ನೋಡಿ. ಆ ಸದ್ದನ್ನು ನಿಲ್ಲಿಸಲೆಂದು ಮೂರು ಕಡ್ಡಿಯ ಪ್ಲಗ್ಗಿನ ನೆಲದ ಕಡ್ಡಿಯನ್ನು ಮುರಿಯುವವರಿದ್ದಾರೆ. ಆ ಕಡ್ಡಿ ಇರುವುದು ಪ್ರಾಣರಕ್ಷಣೆಗೆ. ಅದನ್ನು ಎಂದಿಗೂ ಮುಟ್ಟಬಾರದು.

ಇನ್ನು ವ್ಯಾಟುಗಳ ಮೋಹ. ಅಂಗಡಿಯವನು ನೂರು ವ್ಯಾಟಿನ ಬದಲು ಇನ್ನೂರು ವ್ಯಾಟಿನದನ್ನು ತೋರಿಸಿ, ಸದ್ದು ಎರಡರಷ್ಟು ಎನ್ನಬಹುದು. ನಮ್ಮ ಕಿವಿಯ ಲೆಕ್ಕ ಹಾಗಿಲ್ಲ. ಶಕ್ತಿ ಎರಡರಷ್ಟಾದರೆ ಏರುವುದು ೩ ಡೆಸಿಬೆಲ್ ಮಾತ್ರ; ಹೆಚ್ಚಾಯಿತೆಂದು ತಿಳಿಯುತ್ತದೆ, ಅಷ್ಟೇ. ಕಿವಿಗೆ ಎರಡರಷ್ಟು ಎನಿಸಬೇಕಾದರೆ ಸುಮಾರು ೧೦ ಡೆಸಿಬೆಲ್, ಅಂದರೆ ಹತ್ತರಷ್ಟು ಶಕ್ತಿ ಬೇಕು. ಎರಡರಷ್ಟು ಹಣ ಕೊಟ್ಟು ಅಷ್ಟು ಸ್ವಲ್ಪವನ್ನು ಕೊಳ್ಳುವುದು ಕಲಿಯುವವನಿಗೆ ಲಾಭವಲ್ಲ.

ಸಲಕರಣೆ ಕೂಡಿತು, ಇನ್ನು ಅಭ್ಯಾಸ. ಒಂದು ಹಾಡನ್ನು ಹಾಕಿ ೧೫ ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಬೀಳುತ್ತವೆ ಎಂದು ಕೈಯಲ್ಲಿ ತಾಳ ಹಾಕಿ ಎಣಿಸಿ, ನಾಲ್ಕರಿಂದ ಗುಣಿಸಿ. ೨೫ ಪೆಟ್ಟಾದರೆ ನಿಮಿಷಕ್ಕೆ ೧೦೦. ೨೬ ಆದರೆ ೧೦೪. ಮೊದಲನೆಯ ಹಾಡು ೧೦೪, ಎರಡನೆಯದು ೧೦೦ ಇದ್ದರೆ ಎರಡನೆಯದರ ವೇಗವನ್ನು ಶೇಕಡ ೪ರಷ್ಟು ಹೆಚ್ಚಿಸಬೇಕು. ವೇಗ ಹೆಚ್ಚಿದರೆ ಶ್ರುತಿಯೂ ಏರುತ್ತದೆ; ಸುಮಾರು ಶೇಕಡ ೬ರಷ್ಟು ವೇಗಕ್ಕೆ ಹಾರ್ಮೋನಿಯಮಿನ ಒಂದು ಮನೆಯಷ್ಟು. ಶ್ರುತಿ ಏರದಂತೆ ಹಿಡಿಯುವ ಗುಂಡಿಯೂ ತಂತ್ರಾಂಶದಲ್ಲಿದೆ, ಆದರೆ ವೇಗವನ್ನು ಬಹಳ ಬದಲಿಸಿದರೆ ಧ್ವನಿ ಕೆಡುತ್ತದೆ. ವೇಗ ಹತ್ತಿರವಿರುವ ಹಾಡುಗಳನ್ನು ಜೋಡಿ ಮಾಡಿ ಪಟ್ಟಿ ಬರೆದಿಟ್ಟುಕೊಳ್ಳುವುದು ಇದಕ್ಕಾಗಿ.

ಎರಡು ಹಾಡುಗಳ ತಾಳವನ್ನು ತಾನೇ ಸರಿಹೊಂದಿಸುವ ‘ಸಿಂಕ್’ ಎಂಬ ಗುಂಡಿಯೂ ಇದೆ. ಯಂತ್ರದ ತಾಳಕ್ಕೆ ಕಟ್ಟಿ ಮುದ್ರಿಸಿದ ಇಂದಿನ ಹಾಡುಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರ ಅವರ ಕಾಲದ ಹಾಡುಗಳನ್ನು ವಾದ್ಯವೃಂದದವರು ಕೂಡಿ ನುಡಿಸಿ ಮುದ್ರಿಸಿದರು. ಮನುಷ್ಯರ ಕೈಯ ತಾಳ ಪಲ್ಲವಿಯಲ್ಲಿ ಒಂದು ಎಳೆ ನಿಧಾನವಾಗಿ, ಚರಣದಲ್ಲಿ ಒಂದು ಎಳೆ ಚುರುಕಾಗಿ ಹೋಗುತ್ತದೆ. ಅಲ್ಲಿ ಗುಂಡಿಯನ್ನು ನಂಬಿದರೆ ಎರಡು ಹಾಡುಗಳು ಕಾಲು ತೊಡರಿ ಬೀಳುತ್ತವೆ. ಊರಿನ ಮದುವೆಯಲ್ಲಿ ಜನ ಕೇಳುವುದು ಈ ಹಳೆಯ ಹಾಡುಗಳನ್ನೂ ಸೇರಿಸಿಯೇ ಆದುದರಿಂದ ಕಿವಿಯಿಂದ ಕೂಡಿಸುವುದನ್ನು ಕಲಿಯದೆ ವಿಧಿಯಿಲ್ಲ. ತಮಟೆಯ ಗತ್ತನ್ನು ಬಲ್ಲವನಿಗೆ ಇದು ಕಷ್ಟವಾಗದು.

ಕಿವಿಯ ಮಾತು ಬಂದಿತು. ಈ ಸೀಮೆಯಲ್ಲಿ ಅದಕ್ಕೆ ವಿಶೇಷ ಮಹತ್ವವಿದೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗ ಮನೆಗೆ ಅಂಟಿಕೊಂಡೇ ಇರುತ್ತದೆ. ಮಗ್ಗದ ಕೊಠಡಿಯಲ್ಲಿ ಸದ್ದು ೯೦ ಡೆಸಿಬೆಲ್ ದಾಟುವುದು ಸಾಮಾನ್ಯ. ವಿನೋದಕ್ಕಾಗಿ ಕೇಳುವ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ ೪೦ ಗಂಟೆ ೮೦ ಡೆಸಿಬೆಲ್. ಅದರ ಮೇಲೆ ಪ್ರತಿ ೩ ಡೆಸಿಬೆಲ್‌ಗೂ ಕಾಲ ಅರ್ಧವಾಗುತ್ತದೆ: ೮೩ಕ್ಕೆ ೨೦ ಗಂಟೆ, ೮೬ಕ್ಕೆ ೧೦, ೮೯ಕ್ಕೆ ೫, ೯೨ಕ್ಕೆ ವಾರಕ್ಕೆಲ್ಲ ಎರಡೂವರೆ ಗಂಟೆ. ಕಿವಿಗೆ ದುಡಿಮೆಯ ಸದ್ದು ಬೇರೆ, ವಿನೋದದ ಸದ್ದು ಬೇರೆ ಎಂಬ ಎರಡು ಖಾತೆಗಳಿಲ್ಲ. ಹಗಲೆಲ್ಲ ಮಗ್ಗದ ಬಳಿ ನಿಂತವನು ರಾತ್ರಿ ಹೆಡ್‌ಫೋನ್ ಹಾಕಿಕೊಳ್ಳುವ ಹೊತ್ತಿಗೆ ತನ್ನ ಪಾಲನ್ನು ಕಳೆದುಕೊಂಡಿರುತ್ತಾನೆ. ಮೇಲಾಗಿ ಆಗ ಕಿವಿ ತಾತ್ಕಾಲಿಕವಾಗಿ ಮಂದವಾಗಿರುವುದರಿಂದ ಸಾಲದೆನಿಸಿ ಇನ್ನಷ್ಟು ಏರಿಸುತ್ತಾನೆ. ಒಳಗಿವಿಯ ಸೂಕ್ಷ್ಮ ಕೂದಲಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಯಾವ ಇಂದ್ರಿಯವನ್ನು ನಂಬಿ ಈ ಕಲೆಗೆ ಹೊರಟನೋ ಅದೇ ಹೋದಂತಾಯಿತು. ಆದುದರಿಂದ ಮಗ್ಗದ ಬಳಿ ಕಿವಿಗೆ ಬಿರಡೆ ಇಡಿ; ಅದಕ್ಕೆ ಕೆಲವೇ ರೂಪಾಯಿ ಸಾಕು. ಅಭ್ಯಾಸವನ್ನು ಬೆಳಿಗ್ಗೆ ವಿರಾಮದ ನಂತರ, ಪಕ್ಕದಲ್ಲಿ ಕುಳಿತವರ ಮಾತು ಕೇಳಿಸುವಷ್ಟು ಮೆಲ್ಲಗೆ ಮಾಡಿ.

ನೆರೆಯವರ ನಿದ್ದೆಗೂ ಕಾನೂನಿನ ರಕ್ಷಣೆಯಿದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದಲ್ಲಿ ಹಗಲಿಗೆ ೫೫, ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ೪೫ ಡೆಸಿಬೆಲ್ ಎಂದು ಗೊತ್ತುಮಾಡಿದೆ. ಖಾಸಗಿ ಸ್ಥಳದ ಸದ್ದು ಅದರ ಎಲ್ಲೆಯಲ್ಲಿ ಈ ಮಟ್ಟವನ್ನು ೫ಕ್ಕಿಂತ ಹೆಚ್ಚು ಮೀರಬಾರದು. ಮನೆಯಲ್ಲಿ ಕಲಿಯುವವನಿಗೆ ಹೆಡ್‌ಫೋನ್ ಇರುವಾಗ ಇದು ಅಡ್ಡಿಯೇ ಅಲ್ಲ.

ಖರ್ಚಿನ ಕ್ರಮವನ್ನು ಒಟ್ಟಿಗೆ ಹೇಳಿ ಮುಗಿಸಬಹುದು. ಮೊದಲು ಇರುವ ಲ್ಯಾಪ್‌ಟಾಪು, ಉಚಿತ ತಂತ್ರಾಂಶ, ಸೌಂಡ್ ಕಾರ್ಡು, ತಂತಿ, ಹೆಡ್‌ಫೋನು: ಅಂದಾಜು ಮೂರು ಸಾವಿರ ರೂಪಾಯಿಯೊಳಗೆ ಕಲಿಕೆ ಆರಂಭವಾಗುತ್ತದೆ. ಆರು ತಿಂಗಳು ಬಿಡದೆ ಅಭ್ಯಾಸ ನಡೆದು, ಹತ್ತು ಹಾಡುಗಳನ್ನು ತಾಳ ತಪ್ಪದೆ ಕೂಡಿಸಲು ಬಂದ ಮೇಲೆ, ತಿರುಗಿಸುವ ಬಿಲ್ಲೆ ಮತ್ತು ಜಾರುವ ಕೀಲಿಗಳಿರುವ ಎರಡು ಪಟ್ಟಿಯ ಸಣ್ಣ ಕಂಟ್ರೋಲರನ್ನು ಯೋಚಿಸಬಹುದು. ಅದು ಹತ್ತು ಸಾವಿರದಿಂದ ಇಪ್ಪತ್ತು ಸಾವಿರದವರೆಗೆ ಸಿಗುತ್ತದೆ. ಅದರಲ್ಲಿಯೇ ಹೆಡ್‌ಫೋನಿನ ಬೇರೆ ದಾರಿಯೂ ಇದೆಯೇ ಎಂದು ಕೇಳಿ ಕೊಳ್ಳಿ. ದೊಡ್ಡ ಪೆಟ್ಟಿಗೆಗಳನ್ನು ಕೊಳ್ಳುವ ಅಗತ್ಯವೇ ಬಾರದು. ಮದುವೆಗೆ ಕರೆ ಬಂದಾಗ ಶಾಮಿಯಾನ, ಸೌಂಡ್ಸ್ ಅಂಗಡಿಗಳಲ್ಲಿ ಅವು ಬಾಡಿಗೆಗೆ ದೊರೆಯುತ್ತವೆ. ಬಾಡಿಗೆಗೆ ದೊರೆಯದ್ದು ಹಾಡನ್ನು ಆರಿಸುವ ತಿಳಿವಳಿಕೆ ಮತ್ತು ತಾಳವನ್ನು ಹಿಡಿಯುವ ಕಿವಿ; ಅವೆರಡನ್ನೂ ಮನೆಯ ಮೂಲೆಯ ಈ ಮೇಜಿನ ಮುಂದೆ ಸಂಪಾದಿಸಿಕೊಳ್ಳಬಹುದು.