ನಮ್ಮ ಕಸವೂ ನೆರೆಯವರ ನೆಲೆಯೂ

ಕಂಕನಾಡಿಯ ಗೃಹಸ್ಥನು ಬೆಳಗ್ಗೆ ಬಾಗಿಲಿಗೆ ಬಂದ ಗಾಡಿಗೆ ಬುಟ್ಟಿಯನ್ನು ಬರಿದುಮಾಡಿದನೆಂದರೆ ತನ್ನ ಹೊಣೆ ತೀರಿತೆಂದು ತಿಳಿಯುವನು. ಆ ಕಸವು ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ 2019ನೆಯ ಆಗಸ್ಟ್ ತಿಂಗಳ ಮಳೆಯು ಕಠಿನವಾದ ಉತ್ತರವನ್ನು ಕೊಟ್ಟಿತು. ಪಚ್ಚನಾಡಿಯಲ್ಲಿ ವರ್ಷವರ್ಷವೂ ಬೆಳೆದು ನಿಂತಿದ್ದ ಕಸದ ಗುಡ್ಡವು ಜರಿದು, ಕೆಳಗಿನ ಮಂದಾರ ಪ್ರದೇಶದ ಮೇಲೆ ಹರಿಯಿತು. ಮನೆಗಳೂ ಅಡಕೆ ತೆಂಗುಗಳ ತೋಟಗಳೂ ಅದರ ಅಡಿಯಾದುವು; 27 ಕುಟುಂಬಗಳು ನೆಲೆಬಿಟ್ಟು ಹೋಗಬೇಕಾಯಿತು. ಅವರು ಮಾಡಿದ ಅಪರಾಧವಾದರೂ ಏನು? ನಗರದ ತಗ್ಗಿನಲ್ಲಿ ವಾಸವಾಗಿದ್ದುದೇ ಅಲ್ಲವೆ?

ಇದನ್ನು ದೈವಕೋಪವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಅನ್ನ, ತರಕಾರಿಸಿಪ್ಪೆ, ಮೀನಿನ ತ್ಯಾಜ್ಯ ಮೊದಲಾದ ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾಶಿ ಹಾಕಿದರೆ, ಗಾಳಿಯಿಲ್ಲದೆ ಕೊಳೆತು ವಿಷಜಲವನ್ನೂ ಉರಿಯುವ ಅನಿಲವನ್ನೂ ಹುಟ್ಟಿಸುವುದು. ಅದೇ ಕಸವು ಬೇರೆಯಾಗಿ ಬಿದ್ದರೆ ಗೊಬ್ಬರ; ಕಾಗದ, ಗಾಜು, ಲೋಹಗಳು ಬೇರೆಯಾದರೆ ಸರಕು. ಬೆರೆತಾಗ ಮಾತ್ರ ಎರಡೂ ಕಸವೇ.

ಹಸಿ, ಒಣ, ಅಪಾಯಕರ ಎಂದು ಮೂರಾಗಿ ವಿಂಗಡಿಸಿ ಕೊಡುವ ಕರ್ತವ್ಯವನ್ನು 2016ನೆಯ ಘನತ್ಯಾಜ್ಯ ನಿಯಮಗಳು ಪ್ರತಿಯೊಂದು ಮನೆಗೂ ವಿಧಿಸಿದುವು. ಮಂಗಳೂರಿನ ರಾಮಕೃಷ್ಣ ಮಿಶನ್ನಿನವರು ನಡೆಯಿಸಿದ ಸ್ವಚ್ಛತಾ ಅಭಿಯಾನವು ಮಡಕೆಯಲ್ಲಿ ಗೊಬ್ಬರ ಮಾಡುವ ಕ್ರಮವನ್ನೂ ಜನರಿಗೆ ತಿಳಿಸಿತು. ಇದು ನಮಗೆ ಹೊಸ ವಿದ್ಯೆಯೂ ಅಲ್ಲ. ಅಡಿಗೆಮನೆಯ ಉಳಿಕೆಯನ್ನು ತೆಂಗಿನ ಬುಡಕ್ಕೂ, ಒಲೆಯ ಬೂದಿಯನ್ನು ಪಾತ್ರೆಗೂ, ಕರಟವನ್ನು ಬಚ್ಚಲೊಲೆಗೂ ಸಲ್ಲಿಸಿದ ಅಜ್ಜಿಯರಿಗೆ ನಿಯಮಾವಳಿಯ ಅಗತ್ಯವಿರಲಿಲ್ಲ.

ವಿದ್ಯುತ್ತಿನ ವಿಷಯದಲ್ಲಿಯೂ ಇದೇ ನ್ಯಾಯ. ಹಂಚಿನ ಮಾಡಿನಲ್ಲಿ ಒಂದು ಗಾಜಿನ ಹಂಚನ್ನಿಟ್ಟು ಹಗಲಿನ ಬೆಳಕನ್ನು ಧರ್ಮಾರ್ಥವಾಗಿ ಪಡೆದವರ ಮಕ್ಕಳು ನಾವು ಮಧ್ಯಾಹ್ನದಲ್ಲಿ ದೀಪ ಹಚ್ಚುತ್ತೇವೆ. 60 ವಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕನ್ನೀಯುವ 9 ವಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ ಸಹ ಬೇಡ. 2023ನೆಯ ಜುಲೈಯಲ್ಲಿ ಆರಂಭವಾದ ಗೃಹಜ್ಯೋತಿಯಿಂದ ಅನೇಕರ ಬಿಲ್ಲು ಶೂನ್ಯವಾಯಿತೆಂಬುದು ನಿಜ. ಬಿಲ್ಲು ಶೂನ್ಯವಾದರೂ ವ್ಯಯವು ಶೂನ್ಯವಾಗದು. ಅದನ್ನು ಯಾರೋ ತೆರಲೇಬೇಕಷ್ಟೆ.

ಪೌರರಿಗೆ ಮಾತ್ರ ಉಪದೇಶ ಮಾಡಿ ಅಧಿಕಾರಿಗಳನ್ನು ಬಿಟ್ಟುಬಿಡುವುದು ನಮಗೆ ಸಮ್ಮತವಲ್ಲ. ಗೃಹಿಣಿಯು ಶ್ರಮಪಟ್ಟು ಬೇರ್ಪಡಿಸಿದುದನ್ನು ಒಂದೇ ಗಾಡಿಯಲ್ಲಿ ಬೆರೆಸುವುದಾದರೆ ಮರುದಿನ ಆಕೆಯು ಬೇರ್ಪಡಿಸಲಾರಳು. ದಂಡ ವಿಧಿಸುವ ಮೊದಲು ಮಹಾನಗರಪಾಲಿಕೆಯು ವಾರ್ಡು ವಾರ್ಡಿನಲ್ಲಿ ಪ್ರತ್ಯೇಕ ಸಾಗಣೆಯನ್ನು ನಿಶ್ಚಯಪಡಿಸತಕ್ಕದ್ದು. ತನ್ನ ಕಚೇರಿಗಳ ದೀಪಗಳಿಂದಲೇ ಮಿತವ್ಯಯವನ್ನು ಆರಂಭಿಸತಕ್ಕದ್ದು.

ಮಾರುಕಟ್ಟೆಯೂ ಆಸ್ಪತ್ರೆಯೂ ಶಾಲೆಗಳೂ ಇರುವ ಕಂಕನಾಡಿಯಂತಹ ಬಡಾವಣೆಯು ಮೇಲ್ಪಂಕ್ತಿ ಹಾಕಿದರೆ ಉಳಿದವು ಹಿಂಬಾಲಿಸುವುದರಲ್ಲಿ ಸಂಶಯವಿಲ್ಲ. ಪ್ರತಿ ವರ್ಷ ಮಳೆಗಾಲವು ಬಂದೇ ಬರುವುದು. ಗುಡ್ಡಕ್ಕೆ ನಮ್ಮ ಮನೆಯಿಂದ ಎಷ್ಟು ಭಾರ ಸೇರಿತೆಂಬ ಲೆಕ್ಕವನ್ನು ವಾಚಕರು ಈ ಸಂಜೆಯೇ ಬುಟ್ಟಿಯ ಮುಂದೆ ನಿಂತು ಮಾಡಿಕೊಳ್ಳಬೇಕೆಂದು ವಿಜ್ಞಾಪಿಸುತ್ತೇವೆ.