ಗವಾಯಿಗಳ, ಬರ್ರಿ

ಬೆಳಗಿನ ಐದೂವರೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಗಳದಲ್ಲಿ ಇನ್ನೂ ಕತ್ತಲಿತ್ತು. ಗೋಡೆ ಹಿಡಿದು ನಡೆಯುತ್ತಿದ್ದವನು ನಾನೊಬ್ಬನೇ. ಹುಡುಗರು ಬಕೆಟ್ಟು, ಟವೆಲ್ಲು ಹಿಡಿದು ನನ್ನ ಪಕ್ಕದಲ್ಲೇ ಸರಸರ ದಾಟಿ ಹೋಗುತ್ತಿದ್ದರು. "ಮುಂದ ಎರಡ ಮೆಟ್ಟಲ ಅದಾವ್ರಿ, ಸಾವಕಾಶ" ಎಂದಿತೊಂದು ದನಿ. ಹತ್ತು ಹನ್ನೊಂದು ವಯಸ್ಸಿನ ಹುಡುಗ, ಹುಟ್ಟಿನಿಂದಲೇ ಕಣ್ಣಿಲ್ಲ. ನಾನು ಹೊಸಬನೆಂದು ಹೇಗೆ ಗೊತ್ತಾಯಿತಪ್ಪ ಎಂದು ಕೇಳಿದೆ. "ಕಾಲ ಎಳದ ನಡೀತೀರ್ರಿ. ಇಲ್ಲಿ ಯಾರೂ ಹಂಗ ನಡಿಯೂದಿಲ್ಲ" ಅಂದ.

ಸ್ವಲ್ಪ ಹೊತ್ತಿಗೆ ಒಂದು ಕೋಣೆಯಿಂದ ಖರ್ಜದ ಷಡ್ಜ ಎದ್ದಿತು. ನೆಲದೊಳಗಿಂದ ಬಂದಂಥ ದನಿ. ಅದರ ಮೇಲೆ ಇನ್ನೊಂದು, ಮತ್ತೊಂದು. ಪಕ್ಕದ ಕೋಣೆಯಲ್ಲಿ ಯಾರೋ ಹಾರ್ಮೋನಿಯಂ ಬಿಚ್ಚಿ ಭೈರವ ರಾಗದ ಪಲ್ಟಾ ತೆಗೆದರು. ಅದರಾಚೆಯ ಕೋಣೆಯಲ್ಲಿ ತಬಲಾ: ಧಾಧಾ ತಿಟ ಧಾಧಾ ತೂನಾ. ಹತ್ತು ನಿಮಿಷಕ್ಕೆ ಇಡೀ ಅಂಗಳ ಸಂತೆಯಾಯಿತು. ಇಷ್ಟರೊಳಗೆ ನಿನ್ನ ಸ್ವರ ನಿನಗೆ ಕೇಳುತ್ತದೆಯೇ ಎಂದು ಅದೇ ಹುಡುಗನನ್ನು ಕೇಳಿದರೆ, "ನಂದಷ್ಟ ಕೇಳತೈತ್ರಿ" ಎಂದು ಹೇಳಿ ತನ್ನ ಕೋಣೆಗೆ ಹೋದ.

ನಾನು ಇಲ್ಲಿಗೆ ಬಂದದ್ದಕ್ಕೆ ಕಾರಣ ನಮ್ಮ ಆಯಿ. ನಮ್ಮೂರ ಮಠದಲ್ಲಿ ಪ್ರತಿ ಶ್ರಾವಣಕ್ಕೆ ತಿಂಗಳು ಪೂರ್ತಿ ಪುರಾಣ ನಡೆಯುತ್ತಿತ್ತು. ಶಾಸ್ತ್ರಿಗಳು ಅರ್ಥ ಹೇಳುವುದು, ಗವಾಯಿಗಳು ಪದ್ಯ ಹಾಡುವುದು, ಒಬ್ಬರ ತಬಲಾ ಸಾಥ್. ಹಾಡುವವರು, ಬಾರಿಸುವವರು ಹೆಚ್ಚಾಗಿ ಗದಗಿನ ಆಶ್ರಮದಲ್ಲಿ ಕಲಿತವರೇ ಆಗಿರುತ್ತಿದ್ದರು. ಒಂದು ವರ್ಷ ತಬಲಾಕ್ಕೆ ಬಂದದ್ದು ಹದಿನಾರರ ಹುಡುಗ, ಕಣ್ಣು ಕಾಣದವನು. ತಿಂಗಳೊಪ್ಪತ್ತು ನಮ್ಮ ಪಡಸಾಲೆಯಲ್ಲೇ ಇದ್ದ. ನಮ್ಮ ಆಯಿ ಊರ ಗೌಡನನ್ನೂ ಏಕವಚನದಲ್ಲಿ ಮಾತಾಡಿಸುತ್ತಿದ್ದವಳು. ಅಂಥವಳು ಈ ಹುಡುಗನ ಮುಂದೆ ರೊಟ್ಟಿಯ ತಾಟು ಇಟ್ಟು "ಗವಾಯಿಗಳ, ಊಟಕ್ಕ ಏಳ್ರಿ" ಅನ್ನುತ್ತಿದ್ದಳು. ನಮ್ಮ ಓಣಿಯಲ್ಲಿ ಕಣ್ಣಿಲ್ಲದ ಇನ್ನೊಬ್ಬ ಹುಡುಗನಿದ್ದ. ಅವನಿಗೆ ಹೆಸರಿತ್ತು, ಆದರೆ ಊರು ಅವನನ್ನು ಅವನ ಕಣ್ಣಿನ ಹೆಸರಿನಿಂದಲೇ ಕರೆಯುತ್ತಿತ್ತು. ಆಯಿಯೂ ಹಾಗೆಯೇ ಕರೆಯುತ್ತಿದ್ದಳು. ಒಂದೇ ಬಾಯಿ, ಒಂದೇ ವಯಸ್ಸಿನ ಇಬ್ಬರು ಹುಡುಗರು, ಒಬ್ಬನಿಗೆ ಹಾಗೆ, ಒಬ್ಬನಿಗೆ ಹೀಗೆ. ನನಗಾಗ ಒಂಬತ್ತು ವರ್ಷ. ಆ ವ್ಯತ್ಯಾಸ ಎಲ್ಲಿಂದ ಬಂತು ಎಂಬ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ.

ಅದು ಬಂದದ್ದು ಈ ಅಂಗಳದಿಂದ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗಯ್ಯನೆಂಬ ಮಗುವಿಗೆ ದೃಷ್ಟಿ ಇರಲಿಲ್ಲ. ಅವನ ಅಣ್ಣನಿಗೂ ಇರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಆ ಮಕ್ಕಳ ಕಂಠ ಕೇಳಿ ಕರೆದುಕೊಂಡು ಹೋದರು. ಮುಂದೆ 1909ರಲ್ಲಿ ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಕಟ್ಟಿದವರೂ ಅವರೇ. ಗದಿಗಯ್ಯ ಪಂಚಾಕ್ಷರಿ ಗವಾಯಿಗಳಾದರು. ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತರು. ಆಮೇಲೆ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಹಿಂದೂಸ್ತಾನಿ ತಾಲೀಮು ಪಡೆದರು. ವೀರಶೈವ ಮಠದ ಕುರುಡು ಹುಡುಗನಿಗೆ ಮುಸಲ್ಮಾನ ಉಸ್ತಾದರು ವರ್ಷಗಟ್ಟಲೆ ಕೂತು ಕಲಿಸಿದ್ದು, ಮಠವೇ ಅದಕ್ಕೆ ನೆರವಾದದ್ದು ನಮ್ಮ ನಾಡಿನ ದೊಡ್ಡ ಸಂಗತಿಗಳಲ್ಲೊಂದು ಎಂದೇ ನಾನು ತಿಳಿದಿದ್ದೇನೆ. ಕಲಿತ ವಿದ್ಯೆಯನ್ನು ಅವರು ಕಟ್ಟಿಕೊಂಡು ಕೂರಲಿಲ್ಲ. ಅಂಧ ಮಕ್ಕಳನ್ನು, ಬಡ ಮಕ್ಕಳನ್ನು ಜೊತೆಗಿಟ್ಟುಕೊಂಡು ಊರಿಂದೂರಿಗೆ ತಿರುಗುವ ಪಾಠಶಾಲೆ ಮಾಡಿದರು. ಇವತ್ತು ಈ ಊರಲ್ಲಿ ಪಾಠ, ನಾಳೆ ಆ ಊರಲ್ಲಿ; ಊರವರು ಕೊಟ್ಟ ಜೋಳವೇ ಊಟ. ಗದಗಿನ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟ ಮೇಲೆ ಆ ಪಾಠಶಾಲೆಗೆ ಒಂದು ನೆಲೆ ಸಿಕ್ಕಿತು. ಆಶ್ರಮದ ಹೆಸರಿನಲ್ಲಿರುವ ವೀರೇಶ್ವರ ಅವರ ನೆನಪಿನದು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ಭಾರ ಹೊತ್ತವರು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿದವರು, ಎಳವೆಯಲ್ಲೇ ಕಣ್ಣು ಕಳೆದುಕೊಂಡವರು, ಸೋದರಮಾವನ ಮನೆಯಲ್ಲಿ ಬೆಳೆದವರು. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿ ನಡೆಸಿದರು, ಊರೂರಿನ ಭಕ್ತರು ಮಾಡಿದ ತುಲಾಭಾರದ ಕಾಣಿಕೆಯನ್ನು ಆಶ್ರಮಕ್ಕೆ ತಂದರು. ಗುರು ಶಿಷ್ಯರಿಬ್ಬರ ಗದ್ದುಗೆಗಳೂ ಇಲ್ಲೇ ಇವೆ. ನಾನು ನೋಡುತ್ತಿದ್ದಂತೆ ಒಬ್ಬ ಹುಡುಗ ಬಂದು ಗದ್ದುಗೆಗೆ ಹಣೆ ಹಚ್ಚಿ, "ಅಜ್ಜಾರ, ಇವತ್ತ ಪರೀಕ್ಷಾ ಐತ್ರಿ" ಎಂದು ಗಟ್ಟಿಯಾಗಿಯೇ ಹೇಳಿ ಹೋದ. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಜ್ಜ ಹೋದರು. ಆ ಹುಡುಗ ಅವರನ್ನು ಕಂಡವನಲ್ಲ.

ತಬಲಾ ಕೋಣೆಯಲ್ಲಿ ನಾನು ಹೆಚ್ಚು ಹೊತ್ತು ಕೂತೆ. ಎಂಟು ವರ್ಷದ ಮಗುವೊಂದು ಈಚೆಗೆ ಬಂದು ಸೇರಿದೆ. ಮೇಷ್ಟ್ರು ಅದರ ಹಿಂದೆ ಕೂತು ತಮ್ಮ ಅಂಗೈಯನ್ನು ಅದರ ಅಂಗೈ ಮೇಲೆ ಇಟ್ಟಿದ್ದರು. ಮೊದಲು ಬಾರಿಸುವುದಿಲ್ಲ. ಬೆರಳಿನಿಂದ ಮುಟ್ಟಿ ನೋಡುವುದು. ಅಂಚಿನಲ್ಲಿ ಚಾಟಿ, ಅದರ ಒಳಗೆ ನುಣುಪು ತೊಗಲು, ನಡುವೆ ತರಿತರಿಯಾದ ಕರಿಯ ಶಾಯಿ. ನೋಡಬಲ್ಲ ಮಗು ಬಣ್ಣದಿಂದ ತಿಳಿಯುವುದನ್ನು ಈ ಮಗು ಚರ್ಮದಿಂದ ತಿಳಿಯಬೇಕು. ಉಂಗುರದ ಬೆರಳು ಶಾಯಿಯ ಅಂಚಿಗೆ ಆನಿಸಿರಬೇಕು, ತೋರುಬೆರಳು ಚಾಟಿಗೆ ಬಡಿದು ಕೂಡಲೇ ಏಳಬೇಕು. ಆಗ 'ನಾ' ಹುಟ್ಟುತ್ತದೆ. ಬೆರಳು ಒಂದು ಗಳಿಗೆ ಹೆಚ್ಚು ನಿಂತರೆ 'ನಾ' ಸತ್ತುಹೋಗುತ್ತದೆ. ಮಗು ಇಪ್ಪತ್ತು ಸಲ ಬಾರಿಸಿತು, ಇಪ್ಪತ್ತೂ ಸತ್ತವು. ಇಪ್ಪತ್ತೊಂದನೆಯದು ಗಂಟೆಯ ಹಾಗೆ ಮೊಳಗಿತು. ಮಗು ಕೈ ತೆಗೆದು ಸುಮ್ಮನೆ ಕೂತಿತು, ಆ ನಾದ ಪೂರ್ತಿ ಅಡಗುವ ತನಕ. ಆಮೇಲೆ ಮೇಷ್ಟ್ರ ಕಡೆಗೆ ಮುಖ ತಿರುಗಿಸಿ "ನಾನಾ ಬಾರ್ಸಿದ್ದೇನ್ರಿ?" ಎಂದು ಕೇಳಿತು. ಮೇಷ್ಟ್ರು, "ನೀನ ಮತ್ತ ಯಾರು" ಅಂದರು.

ಕಣ್ಣಿಲ್ಲದವರಿಗೆ ಸಂಗೀತ ತಾನಾಗಿ ಒಲಿಯುತ್ತದೆ ಎಂಬ ಮಾತನ್ನು ನಾನು ಬಹಳ ಕೇಳಿದ್ದೇನೆ. ಸುಳ್ಳು ಮಾತು, ಮತ್ತು ಈ ಮಕ್ಕಳ ಮೆಹನತ್ತಿಗೆ ಮಾಡುವ ಅನ್ಯಾಯ. ಸ್ವರವೂ ತಾಳವೂ ಇವರಿಗೆ ಯಾರಿಗೂ ಬಿಟ್ಟಿಯಾಗಿ ಸಿಕ್ಕಿಲ್ಲ. ಬಾಯಿಂದ ಬಾಯಿಗೆ ಬಂದ ಚೀಜುಗಳನ್ನು ನೂರು ಸಲ ಹೇಳಿ ಹೇಳಿ ಒಳಗೆ ಇಳಿಸಿಕೊಳ್ಳಬೇಕು. ಬರೆದಿಟ್ಟುಕೊಳ್ಳಬೇಕೆಂದರೆ ಬ್ರೈಲ್ ಇದೆ. ಚೌಕಟ್ಟಿನಲ್ಲಿ ದಪ್ಪ ಕಾಗದ ಸಿಕ್ಕಿಸಿ, ಮೊನಚಾದ ಕಡ್ಡಿಯಿಂದ ಆರು ಚುಕ್ಕಿಗಳ ಲೆಕ್ಕದಲ್ಲಿ ಚುಚ್ಚಿ ಬರೆಯುವುದು. ಬರೆಯುವಾಗ ಬಲದಿಂದ ಎಡಕ್ಕೆ, ಕಾಗದ ತಿರುವಿ ಓದುವಾಗ ಎಡದಿಂದ ಬಲಕ್ಕೆ. ಒಬ್ಬ ಹುಡುಗ ಹೀಗೆ ಟಕಟಕ ಚುಚ್ಚುತ್ತಿದ್ದ; ಕಣ್ಣು ಕಾಣುವ ಗೆಳೆಯನೊಬ್ಬ ಪಕ್ಕದಲ್ಲಿ ಕೂತು ಪುಸ್ತಕ ಓದಿ ಹೇಳುತ್ತಿದ್ದ. ಇಬ್ಬರಿಗೂ ಸರ್ಕಾರದ ಜೂನಿಯರ್ ಪರೀಕ್ಷೆ. ಕಾಣುವವನು ಹೇಳಿದ: "ನಾ ಓದಿ ಮರೀತೀನ್ರಿ. ಇವಾ ಕೇಳಿ ಮರಿಯೂದಿಲ್ಲ. ಪರೀಕ್ಷಾದ ಹಿಂದಿನ ದಿನ ಇವನ ಕಡೆ ಕೇಳಿಸ್ಕೊಂತೀನಿ." ಇಲ್ಲಿ ಅಂಧರೂ ಅಲ್ಲದವರೂ ಒಟ್ಟಿಗೇ ಇರುತ್ತಾರೆ. ಊಟಕ್ಕೆ ಹೋಗುವಾಗ ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ಕೈ. ಯಾರು ಯಾರನ್ನು ನಡೆಸುತ್ತಿದ್ದಾರೆಂದು ನೋಡಿದರೆ ತಿಳಿಯುವುದಿಲ್ಲ.

ಇದೇ ಗದಗಿನಿಂದ 1933ರಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಅವರೇ ಭೀಮಸೇನ ಜೋಶಿ. ಆ ಕಥೆ ನಮಗೆಲ್ಲ ಬಾಯಿಪಾಠ. ಪುಣ್ಯಾಶ್ರಮದ ಮಕ್ಕಳ ಕಥೆ ಅದರ ತಿರುವುಮುರುವು. ಇವರಲ್ಲಿ ಬಹಳ ಮಂದಿ ಓಡಿಬಂದವರಲ್ಲ, ತಂದು ಬಿಟ್ಟವರು. ಸಂಗೀತದ ಹುಚ್ಚು ಹತ್ತಿ ಬಂದವರಲ್ಲ, ಬಂದ ಮೇಲೆ ಹತ್ತಿಸಿಕೊಂಡವರು. ಹದಿನಾಲ್ಕರ ಒಬ್ಬ ತನ್ನ ಮೊದಲ ರಾತ್ರಿಯ ಬಗ್ಗೆ ಹೇಳಿದ. ಅಪ್ಪ "ಬಸ್ಸಿನ ಟೈಮ್ ಕೇಳಿ ಬರತೀನಿ" ಎಂದು ಹೋದವನು ಬರಲಿಲ್ಲ. ಅಪ್ಪನ ತಪ್ಪಿಲ್ಲ, ಹೇಳಿ ಹೋಗಿದ್ದರೆ ನಾ ಬಿಡತಿದ್ದಿಲ್ಲ ಎಂದು ಈಗ ಅವನೇ ಅಪ್ಪನ ಪರ ಮಾತಾಡುತ್ತಾನೆ. ಆ ರಾತ್ರಿ ಅಳುತ್ತ ಮಲಗಿದವನಿಗೆ ಪಕ್ಕದ ಹುಡುಗ ಸಮಾಧಾನದ ಮಾತೇನೂ ಹೇಳಲಿಲ್ಲವಂತೆ. ಅವನ ಬೆನ್ನ ಮೇಲೆ ಎರಡು ಬೆರಳಿಂದ ತೀನತಾಲದ ಹದಿನಾರು ಮಾತ್ರೆ ತಟ್ಟುತ್ತ ಹೋದ. "ಎಣಿಸ್ಕೊಂತ ಎಣಿಸ್ಕೊಂತ ನಿದ್ದಿ ಹತ್ತಿತ್ರಿ. ಮುಂಜಾನೆ ಎದ್ದವನ ಮೊದಲ ಕೇಳಿದ್ದು, ಅದೇನಪಾ ರಾತ್ರಿ ಬಡದದ್ದು, ಅಂತ."

ಎಲ್ಲರಿಗೂ ಹೀಗೆ ಆಗುವುದಿಲ್ಲ. ನನಗೆ ಹಾಡು ಅಷ್ಟಕ್ಕಷ್ಟೇ, ಬ್ಯಾಂಕಿನ ಪರೀಕ್ಷೆ ಕಟ್ಟುತ್ತೇನೆ ಎಂದ ಒಬ್ಬನೂ ಸಿಕ್ಕಿದ. ಕಣ್ಣಿಲ್ಲದ ಬಡ ಮಗುವಿನ ಮುಂದೆ ಈ ನಾಡು ಇಟ್ಟ ಬಾಗಿಲುಗಳು ಇಷ್ಟು ಕಡಿಮೆ ಎಂಬುದು ನೋವಿನ ಸಂಗತಿಯೇ. ಆದರೆ ಈ ಬಾಗಿಲು ತೆರೆದದ್ದು ಸರ್ಕಾರವಲ್ಲ, ಒಬ್ಬ ಕಣ್ಣಿಲ್ಲದ ಗಾಯಕ. ಅದನ್ನೂ ಮರೆಯಲಾರೆ.

ಆಶ್ರಮದ ಕೀರ್ತಿ ಹೇಳುವವರು ದೊಡ್ಡ ಹೆಸರುಗಳಿಂದ ಶುರು ಮಾಡುತ್ತಾರೆ. ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ. ಪುಟ್ಟರಾಜರ ಕೈಯಲ್ಲಿ ವೆಂಕಟೇಶಕುಮಾರ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ, ತೊಗಲುಗೊಂಬೆ ಆಡಿಸುವವರ ಮನೆಯ ಆ ಹುಡುಗನನ್ನು 1968ರಲ್ಲಿ ಸೋದರಮಾವ ಬೆಳಗಲ್ಲು ವೀರಣ್ಣನವರು ಇಲ್ಲಿಗೆ ಕರೆತಂದರು. ಹನ್ನೆರಡು ವರ್ಷ ಇಲ್ಲಿದ್ದು ಕಲಿತರು. ಪಂಚಾಕ್ಷರಿ ಗವಾಯಿಗಳ ಬದುಕನ್ನು ಕುರಿತ 1995ರ ಚಿತ್ರ ರಾಷ್ಟ್ರ ಪ್ರಶಸ್ತಿಗಳನ್ನು ತಂದಿತು. ಇವೆಲ್ಲ ಹೆಮ್ಮೆಯ ಮಾತುಗಳೇ. ಆದರೆ ನನ್ನ ಕಣ್ಣು ಹುಡುಕುತ್ತಿದ್ದುದು ಹೆಸರಾಗದವರನ್ನು. ಹೈಸ್ಕೂಲಿನ ಸಂಗೀತ ಮೇಷ್ಟ್ರಾದವರು, ವೃತ್ತಿ ನಾಟಕದವರಿಗೆ ಪೇಟಿ ಹಿಡಿದವರು, ಜಾತ್ರೆಗಳಲ್ಲಿ ವಚನ ಹಾಡುವವರು, ಶ್ರಾವಣದಲ್ಲಿ ಊರೂರಿನ ಪುರಾಣಕ್ಕೆ ಹೋಗುವವರು. ಉತ್ತರ ಕರ್ನಾಟಕದ ಹಳ್ಳಿಗಳ ಕಿವಿ ಇಷ್ಟು ಹದವಾಗಿರುವುದು ಇವರಿಂದ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸು ಗವಾಯಿ ಸ್ವಲ್ಪ ಅಪಸ್ವರ ಹಿಡಿದರೆ ಮುಖ ಕಿವುಚುವುದನ್ನು ನಾನೇ ಕಂಡಿದ್ದೇನೆ.

ಮಧ್ಯಾಹ್ನ ಪಂಕ್ತಿಯಲ್ಲಿ ಊಟಕ್ಕೆ ಕೂತೆ. ರೊಟ್ಟಿ, ಪಲ್ಯ, ಅನ್ನ, ಸಾರು. ಬೆಳಗ್ಗೆ ಮೆಟ್ಟಿಲು ತೋರಿಸಿದ ಹುಡುಗ ನನ್ನ ಪಕ್ಕದಲ್ಲೇ ಕೂತಿದ್ದ. ಬೆಳಗ್ಗೆಯ ಪಾಠ ಭೂಪವಂತೆ. ಮ ಇಲ್ಲ, ನಿ ಇಲ್ಲ, ಐದೇ ಸ್ವರ. "ಐದ ಸ್ವರದಾಗ ಏನೇನ ಹಾಡ್ತೀಯಪಾ?" ಎಂದೆ. ತುತ್ತು ನುಂಗಿ, "ಐದ ಬೆರಳಿಂದ ನೀವು ಏನೇನ ಮಾಡ್ತೀರ್ರಿ?" ಎಂದ.

ಹೊರಗೆ ಆಷಾಢದ ಗಾಳಿ ಧೂಳೆಬ್ಬಿಸುತ್ತಿತ್ತು. ಹೊರಡಲು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಾಗ ಪಟಕಾ ಸುತ್ತಿದ ಹಿರಿಯರೊಬ್ಬರು ಬಂದರು. ಕೊಪ್ಪಳದ ಕಡೆಯ ಹಳ್ಳಿಯವರು. ಶ್ರಾವಣ ಹತ್ತಿರ ಬಂತು, ಅವರ ಊರ ಪುರಾಣಕ್ಕೆ ತಬಲಾದವರು ಬೇಕು. ಕಟ್ಟೆಯ ಮೇಲೆ ಕೂತು ಹತೋಡಿಯಿಂದ ತಬಲಾದ ಗಜರಾ ತಟ್ಟುತ್ತ ಶ್ರುತಿ ಕೂಡಿಸುತ್ತಿದ್ದ ಹುಡುಗನ ಕಡೆಗೆ ಯಾರೋ ಕೈ ತೋರಿಸಿದರು. ಹದಿನೇಳು ಇದ್ದೀತು, ಮೀಸೆ ಇನ್ನೂ ಚಿಗುರಿತ್ತಷ್ಟೆ. ಹಿರಿಯರು ಹೋಗಿ ಚಪ್ಪಲಿ ಬಿಟ್ಟು ಅವನ ಮುಂದೆ ನಿಂತರು. ಅವನಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ಕೈಮುಗಿದರು.

"ಗವಾಯಿಗಳ, ಈ ಸಲ ಶ್ರಾವಣಕ್ಕ ನಮ್ಮೂರಿಗೆ ಬರಬೇಕ್ರಿ."

ಹುಡುಗ ಹತೋಡಿ ಕೆಳಗಿಟ್ಟ.

"ಹಾಡವ್ರು ಯಾರ್ರಿ?"

ಹಿರಿಯರು ಹೆಸರು ಹೇಳಿದರು.

"ಅವರ ಶ್ರುತಿ ಕೇಳ್ಕೊಂಡ ಫೋನ್ ಮಾಡ್ರಿ ಯಜಮಾನ್ರ. ಕರಿ ಒಂದೋ, ಬಿಳಿ ಎರಡೋ. ಅದಕ್ಕ ತಕ್ಕಂಥ ತಬಲಾ ತಗೊಂಡ ಬರತೀನಿ."

ಹಿರಿಯರಿಗೆ ಅದು ಅರ್ಥವಾಗಲಿಲ್ಲ. ಆದರೆ ಮರೆಯಬಾರದೆಂದು, "ಕರಿ ಒಂದೋ, ಬಿಳಿ ಎರಡೋ, ಕರಿ ಒಂದೋ, ಬಿಳಿ ಎರಡೋ" ಎಂದು ಬಾಯಲ್ಲೇ ಅಂದುಕೊಳ್ಳುತ್ತ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.